ನಿಹೊನ್ ಮಿಂಕಾ-ಎನ್‌ಗೆ ಹೋಗುವವರಿಗೆ: ಹಳೆ ಮನೆಗಳ ಒಳಗೆ ಕೂತು ಬನ್ನಿ

ಟೋಕಿಯೋದಲ್ಲಿ ಇರುವವರು, ಕೆಲಸದ ಮೇಲೆ ಒಂದೆರಡು ವಾರಕ್ಕೆ ಬಂದವರು, ಶನಿವಾರ ಎಲ್ಲಿಗೆ ಹೋಗೋಣ ಅಂತ ಕೇಳಿದಾಗಲೆಲ್ಲ ನಾನು ಹೇಳುವ ಜಾಗ ಟೋಕಿಯೋ ಪಕ್ಕದ ಕವಾಸಾಕಿ ನಗರದ ನಿಹೊನ್ ಮಿಂಕಾ-ಎನ್ ಅನ್ನುವ ಬಯಲು ಮ್ಯೂಸಿಯಂ. ಒಂದು ಗುಡ್ಡದ ಮೇಲೆ, ಕಾಡಿನ ಮಧ್ಯೆ, ಜಪಾನಿನ ಬೇರೆ ಬೇರೆ ಮೂಲೆಗಳಿಂದ ತಂದು ನಿಲ್ಲಿಸಿದ ಸುಮಾರು 25 ಹಳೆ ಕಟ್ಟಡಗಳಿವೆ. ಅರಮನೆ, ಕೋಟೆ ಯಾವುದೂ ಇಲ್ಲಿಲ್ಲ. ರೈತರು, ಮೀನುಗಾರರು, ಅಂಗಡಿಯವರು ಬಾಳಿದ, ಕುದುರೆ ವ್ಯಾಪಾರಿಗಳು ತಂಗುತ್ತಿದ್ದ ಮನೆಗಳು ಇವು. ಕ್ಯೋಟೋದ ದೇವಾಲಯಗಳನ್ನ ಎಲ್ಲರೂ ನೋಡುತ್ತಾರೆ. ಜನ ಹೇಗೆ ಬದುಕಿದರು, ಎಲ್ಲಿ ಮಲಗಿದರು, ಎಲ್ಲಿ ಅಡುಗೆ ಮಾಡಿದರು, ಚಳಿಗೆ ಏನು ಮಾಡಿದರು ಅಂತ ತಿಳಿಯಬೇಕು ಅಂದ್ರೆ ಇಲ್ಲಿಗೇ ಬರಬೇಕು.

ಆದರೆ ಇಲ್ಲಿಗೆ ಬರುವ ಬಹಳ ಜನ ಮಾಡುವುದು ಏನು ಅಂದ್ರೆ, ಮ್ಯಾಪ್ ಹಿಡಿದು ಒಂದನೇ ನಂಬರಿನಿಂದ ಶುರು ಮಾಡಿ, ಪ್ರತಿ ಮನೆಯ ಮುಂದೆ ನಿಂತು ಒಂದು ಫೋಟೋ ತೆಗೆದು, ಒಳಗೆ ಇಣುಕಿ, ಮುಂದಿನ ಮನೆಗೆ ಓಡುವುದು. ಹತ್ತನೇ ಮನೆ ಬರುವಷ್ಟರಲ್ಲಿ ಎಲ್ಲವೂ ಒಂದೇ ಥರ ಕಾಣಿಸುತ್ತದೆ. ಹುಲ್ಲಿನ ಮಾಡು, ಕಪ್ಪು ಕಂಬ, ಕತ್ತಲೆ. ಹಾಗೆ ಮಾಡಬೇಡಿ. ಐದಾರು ಮನೆ ಆರಿಸಿಕೊಳ್ಳಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತುಕೊಳ್ಳಿ, ಉಳಿದವನ್ನ ದಾರಿಯಲ್ಲಿ ನೋಡಿಕೊಂಡು ಹೋಗಿ. ಈ ಬರಹ ಪೂರ್ತಿ ಅದನ್ನ ಹೇಗೆ ಮಾಡೋದು ಅನ್ನುವುದರ ಬಗ್ಗೆಯೇ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದವರಿಗೆ ಈ ಜಾಗ ಎಂಥದ್ದು ಅಂತ ಜಾಸ್ತಿ ವಿವರಿಸಬೇಕಿಲ್ಲ. ಕೆಡವುವ ಹಂತಕ್ಕೆ ಬಂದಿದ್ದ ಮನೆಗಳನ್ನ ಬಿಚ್ಚಿ, ತಂದು, ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಇಲ್ಲಿ ಈ ಕೆಲಸ ಮಾಡಿದ್ದು ಕವಾಸಾಕಿ ನಗರಾಡಳಿತ. ಅಲ್ಲಿನದೇ ಇತೊ ಮನೆತನದ ಒಂದು ಹಳೆ ರೈತಮನೆಯನ್ನ ಯೊಕೊಹಾಮಾದ ಸಾಂಕೆಯೆನ್ ತೋಟಕ್ಕೆ ಸಾಗಿಸುವ ಮಾತು ನಡೆದಿತ್ತು. ನಮ್ಮೂರಿನ ಮನೆ ನಮ್ಮೂರಿನಲ್ಲೇ ಇರಲಿ ಅಂತ ಕೆಲವರು ಪಟ್ಟು ಹಿಡಿದರು. ಆ ಒಂದು ಮನೆಯಿಂದ ಶುರುವಾದ ಕೆಲಸ 1967ರಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ಜಪಾನ್ ಆಗ ವೇಗವಾಗಿ ಬದಲಾಗುತ್ತಿದ್ದ ಕಾಲ. ಹಳ್ಳಿಗಳಲ್ಲಿ ಹುಲ್ಲಿನ ಮಾಡಿನ ಮನೆ ಕೆಡವಿ ಹೊಸದು ಕಟ್ಟುವುದೇ ಎಲ್ಲರ ಆಸೆಯಾಗಿತ್ತು, ಅದು ತಪ್ಪೂ ಅಲ್ಲ. ಅಂಥ ಹೊತ್ತಿನಲ್ಲಿ ಒಂದು ಕೈಗಾರಿಕಾ ನಗರ ಹಳೆ ಮನೆಗಳಿಗೆ ಅಂತ ದುಡ್ಡು, ಜಾಗ ಎರಡೂ ಎತ್ತಿಟ್ಟಿತಲ್ಲ, ಅದಕ್ಕೆ ನನಗೆ ಇವತ್ತಿಗೂ ಗೌರವ ಇದೆ. ಆ ಇತೊ ಮನೆ ಈಗಲೂ ಇಲ್ಲಿದೆ, ಮ್ಯಾಪ್‌ನಲ್ಲಿ ಕನಗಾವಾ ಭಾಗದಲ್ಲಿ ಹುಡುಕಿ.

ಹೋಗುವುದು ಸುಲಭ. ಶಿಂಜುಕುವಿನಿಂದ ಒದಾಕ್ಯು ಲೈನಿನ ರೈಲು ಹಿಡಿದು ಮುಕೊಗಾಒಕಾ-ಯುಎನ್ ಸ್ಟೇಷನ್ನಿನಲ್ಲಿ ಇಳಿಯಿರಿ. ಬೇಗ ಹೋಗುವ ರೈಲಾದರೆ ಅರ್ಧ ಗಂಟೆಯೊಳಗೆ ತಲುಪುತ್ತೀರಿ. ದಕ್ಷಿಣದ ಬಾಗಿಲಿನಿಂದ ಹೊರಬಂದು ಇಕುತಾ ರ್ಯೊಕುಚಿ ಪಾರ್ಕಿನ ಕಡೆಗೆ ಹದಿಮೂರು ಹದಿನಾಲ್ಕು ನಿಮಿಷ ನಡೆದರೆ ಮುಖ್ಯ ಬಾಗಿಲು. ಟಿಕೆಟ್ ದೊಡ್ಡವರಿಗೆ 550 ಯೆನ್, ಜೂನಿಯರ್ ಹೈಸ್ಕೂಲ್‌ವರೆಗಿನ ಮಕ್ಕಳಿಗೆ ದುಡ್ಡಿಲ್ಲ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಬೆಳಿಗ್ಗೆ 9.30ರಿಂದ ಸಂಜೆ 5, ನವೆಂಬರ್‌ನಿಂದ ಫೆಬ್ರವರಿವರೆಗೆ 4.30ಕ್ಕೇ ಮುಚ್ಚುತ್ತದೆ, ಮುಚ್ಚುವ ಅರ್ಧ ಗಂಟೆ ಮುಂಚೆ ಒಳಗೆ ಬಿಡುವುದು ನಿಲ್ಲಿಸುತ್ತಾರೆ. ಸೋಮವಾರ ರಜೆ. ಸೋಮವಾರ ಸರಕಾರಿ ರಜೆ ಬಿದ್ದರೆ ಅವತ್ತು ತೆರೆದಿಟ್ಟು ಮಾರನೇ ದಿನ ಮುಚ್ಚುತ್ತಾರೆ, ಹೊಸ ವರ್ಷದ ಸುತ್ತ ಕೆಲವು ದಿನ ಇರುವುದಿಲ್ಲ. ಬೆಲೆ, ವೇಳೆ ಬದಲಾಗುತ್ತಿರುತ್ತವೆ, ಹೊರಡುವ ಹಿಂದಿನ ದಿನ ಅವರ ವೆಬ್‌ಸೈಟ್ ಒಮ್ಮೆ ನೋಡಿಬಿಡಿ.

ಕಾಲಿಗೆ ಏನು ಹಾಕಿಕೊಂಡಿದ್ದೀರಿ ಅನ್ನುವುದು ಇಲ್ಲಿ ತುಂಬಾ ಮುಖ್ಯ. ಒಂದು ಕಡೆ ಇದು ಗುಡ್ಡ, ಏರು ಇಳುಕಲು ಚೆನ್ನಾಗಿಯೇ ಇದೆ, ಕಲ್ಲು ಮಣ್ಣಿನ ದಾರಿ. ಇನ್ನೊಂದು ಕಡೆ ಮೇಲೆ ಹತ್ತುವ ಪ್ರತಿ ಮನೆಯಲ್ಲೂ ಶೂ ಬಿಚ್ಚಬೇಕು, ಮತ್ತೆ ಹಾಕಬೇಕು. ಲೇಸ್ ಕಟ್ಟುವ ಬೂಟು ಹಾಕಿಕೊಂಡು ಬಂದವರು ಮೂರನೇ ಮನೆಯ ಹೊತ್ತಿಗೆ ಬೇಜಾರಾಗಿ ಹೊರಗಿನಿಂದಲೇ ನೋಡಲು ಶುರು ಮಾಡುತ್ತಾರೆ. ಸುಲಭವಾಗಿ ಕಾಲು ತೂರಿಸಬಹುದಾದ, ಆದರೆ ಜಾರದ ಶೂ ಹಾಕಿಕೊಳ್ಳಿ. ದಪ್ಪ ಸಾಕ್ಸ್ ಬೇಕೇ ಬೇಕು. ಚಳಿಗಾಲದಲ್ಲಿ ಆ ಮರದ ನೆಲ ಮಂಜುಗಡ್ಡೆ ಇದ್ದ ಹಾಗೆ ಇರುತ್ತದೆ, ಒಂದು ಜೊತೆ ಜಾಸ್ತಿ ಸಾಕ್ಸ್ ಬ್ಯಾಗಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಬೇಸಿಗೆಯಲ್ಲಿ ಸೊಳ್ಳೆ ಕಾಟ ಇದೆ, ಅದಕ್ಕೂ ಏನಾದರೂ ತನ್ನಿ.

ಬೆಳಿಗ್ಗೆಯೇ ಹೋಗಿ. ಬಾಗಿಲಲ್ಲಿ ಟಿಕೆಟ್ ತೆಗೆದುಕೊಂಡ ತಕ್ಷಣ ಮಾಡಬೇಕಾದ ಕೆಲಸ, ಇವತ್ತು ಯಾವ ಯಾವ ಮನೆಯಲ್ಲಿ ಒಲೆ ಹಚ್ಚಿದ್ದಾರೆ ಅಂತ ಕೇಳುವುದು. ಇಲ್ಲಿನ ಸ್ವಯಂಸೇವಕರು ದಿನಕ್ಕೆ ಕೆಲವು ಮನೆಗಳನ್ನ ಆರಿಸಿ ನೆಲದ ನಡುವಿನ ಒಲೆಗೆ, ಅಂದ್ರೆ ಇರೊರಿಗೆ, ನಿಜವಾದ ಸೌದೆ ಒಡ್ಡಿ ಬೆಂಕಿ ಮಾಡುತ್ತಾರೆ. ಆ ಮನೆಗಳಲ್ಲಿ ಮೇಲಿನ ನೆಲಕ್ಕೆ ಹತ್ತಿ ಕೂರಬಹುದು. ಮನೆಗಳು ದಿನದಿಂದ ದಿನಕ್ಕೆ ಬದಲಾಗುತ್ತವೆ. ಜಪಾನಿ ಬರದಿದ್ದರೆ ಮ್ಯಾಪ್ ತೋರಿಸಿ, ಇರೊರಿ ಅಂತ ಒಂದು ಶಬ್ದ ಹೇಳಿ, ಸಾಕು, ಪೆನ್ನಿನಲ್ಲಿ ಗುರುತು ಹಾಕಿ ಕೊಡುತ್ತಾರೆ. ನಿಮ್ಮ ದಾರಿಯನ್ನ ಆ ಗುರುತುಗಳ ಪ್ರಕಾರ ಹಾಕಿಕೊಳ್ಳಿ, ನಂಬರಿನ ಪ್ರಕಾರ ಬೇಡ.

ಬಾಗಿಲ ಹತ್ತಿರವೇ ಒಂದು ಪ್ರದರ್ಶನದ ಕೋಣೆ ಇದೆ. ಅದನ್ನ ಬಿಟ್ಟು ಮುಂದೆ ಹೋಗಬೇಡಿ. ಕಂಬ, ತೊಲೆ, ಮಾಡು ಹೇಗೆ ಕೂಡುತ್ತವೆ, ಯಾವ ಸೀಮೆಯಲ್ಲಿ ಮನೆ ಯಾವ ಆಕಾರದಲ್ಲಿ ಇರುತ್ತದೆ ಅನ್ನುವುದು ಅಲ್ಲಿ ಹತ್ತು ನಿಮಿಷದಲ್ಲಿ ತಲೆಗೆ ಹೋಗುತ್ತದೆ. ಆಮೇಲೆ ಒಂದೊಂದು ಮನೆಯೂ ಬೇರೆ ಬೇರೆಯಾಗಿ ಕಾಣಲು ಶುರುವಾಗುತ್ತದೆ.

ಈಗ ಮನೆಯೊಳಗೆ ಹೋಗುವುದು ಹೇಗೆ ಅಂತ ಹೇಳುತ್ತೇನೆ. ಹೊಸ್ತಿಲು ತುಳಿಯದೆ ದಾಟಿ. ಒಳಗೆ ಮೊದಲು ಸಿಗುವುದು ಮಣ್ಣಿನ ನೆಲದ ದೊಡ್ಡ ಜಾಗ, ದೊಮಾ. ಅಡುಗೆಯ ಒಲೆ, ನೀರಿನ ತೊಟ್ಟಿ, ಹಗ್ಗ ಹೊಸೆಯುವ ಕೆಲಸ, ಕೆಲವು ಸೀಮೆಗಳಲ್ಲಿ ಕುದುರೆ, ಎಲ್ಲ ಇಲ್ಲೇ. ತಕ್ಷಣ ಮುಂದೆ ಹೋಗಬೇಡಿ. ಹೊರಗಿನ ಬೆಳಕಿನಿಂದ ಬಂದವರಿಗೆ ಮೊದಲು ಏನೂ ಕಾಣಿಸುವುದಿಲ್ಲ. ಒಂದೆರಡು ನಿಮಿಷ ಸುಮ್ನೆ ನಿಂತರೆ ನಿಧಾನಕ್ಕೆ ತೊಲೆಗಳು, ಆಮೇಲೆ ಅದರ ಮೇಲಿನ ಬಿದಿರು, ಕೊನೆಗೆ ಹುಲ್ಲಿನ ಹೊದಿಕೆ, ಒಂದೊಂದಾಗಿ ಕಣ್ಣಿಗೆ ಬರುತ್ತವೆ. ಮೊದಲು ಮೇಲೆ ನೋಡಿ, ಯಾಕಂದ್ರೆ ಈ ಮನೆಗಳ ಅರ್ಧ ಜಾಣತನ ಮಾಡಿನಲ್ಲಿದೆ.

ಆಮೇಲೆ ಕಂಬಗಳ ಹತ್ತಿರ ಹೋಗಿ. ಕೆಲವು ಕಂಬಗಳಲ್ಲಿ ಚೌಕದ ತೂತುಗಳಿರುತ್ತವೆ, ಅದರಲ್ಲಿ ಏನೂ ಕೂತಿರುವುದಿಲ್ಲ. ಯಾವುದೋ ಕಾಲದಲ್ಲಿ ಅಲ್ಲಿ ಒಂದು ಅಡ್ಡಮರ ಇತ್ತು, ಒಂದು ಗೋಡೆ ಇತ್ತು, ಆಮೇಲೆ ಮನೆಯವರು ತೆಗೆದುಹಾಕಿದರು ಅನ್ನುವುದಕ್ಕೆ ಅದು ಸಾಕ್ಷಿ. ಮನೆ ಬಿಚ್ಚಿದಾಗ ತಜ್ಞರು ಇಂಥ ತೂತು, ಗೀರು, ಮಸಿ ಹಿಡಿದ ಗುರುತು, ಎಲ್ಲವನ್ನೂ ಅಳೆದು ಬರೆದುಕೊಂಡು, ಈ ಮನೆ ಮೊದಲು ಕಟ್ಟಿದಾಗ ಹೇಗಿತ್ತು ಅಂತ ಲೆಕ್ಕ ಹಾಕುತ್ತಾರೆ. ಪ್ರತಿ ಮರಕ್ಕೂ ಒಂದು ಗುರುತು ಬರೆದು ಬಿಚ್ಚಿ, ಅದೇ ಕ್ರಮದಲ್ಲಿ ಮತ್ತೆ ಜೋಡಿಸುತ್ತಾರೆ. ಹುಳ ತಿಂದ, ಕೊಳೆತ ಭಾಗವನ್ನಷ್ಟೇ ಕತ್ತರಿಸಿ ತೆಗೆದು, ಅಷ್ಟಕ್ಕೆ ಮಾತ್ರ ಹೊಸ ಮರ ಕೂಡಿಸುತ್ತಾರೆ. ಕಂಬದ ಬುಡದಲ್ಲಿ ಹಳೆ ಮರಕ್ಕೂ ಹೊಸ ಮರಕ್ಕೂ ನಡುವಿನ ಬೆಸುಗೆಯ ಗೆರೆ ಹುಡುಕಿ. ಎರಡು ತುಂಡು ಒಂದರೊಳಗೊಂದು ಹೊಕ್ಕು ಕೂತಿರುವ ರೀತಿ ನೋಡಿದರೆ ಬಡಗಿಯ ಕೈಗೆ ನಮಸ್ಕಾರ ಅನ್ನಬೇಕು ಅನಿಸುತ್ತದೆ. ಮಕ್ಕಳ ಜೊತೆ ಹೋದರೆ ಯಾರಿಗೆ ಮೊದಲು ಸಿಗುತ್ತದೆ ನೋಡೋಣ ಅಂತ ಪಂದ್ಯ ಕಟ್ಟಿ, ಅವರು ಒಂದು ಗಂಟೆ ಕಾಲ ಬೇಜಾರು ಅನ್ನುವುದಿಲ್ಲ.

ಮರದ ಮೇಲ್ಮೈ ಕೂಡ ಕತೆ ಹೇಳುತ್ತದೆ. ಪಕ್ಕದಿಂದ ಬೆಳಕು ಬೀಳುವ ಹಾಗೆ ನಿಂತು ನೋಡಿದರೆ ತೊಲೆಗಳ ಮೇಲೆ ಮೀನಿನ ಪೊರೆಯಂಥ ಸಾಲು ಗುಳಿಗಳು ಕಾಣುತ್ತವೆ, ಅವು ಬಾಚಿಯ ಏಟಿನ ಗುರುತು.

ಇನ್ನು ಒಲೆಯ ಹತ್ತಿರ ಬನ್ನಿ. ಶೂ ದೊಮಾದಲ್ಲೇ ಬಿಟ್ಟು ಮೇಲೆ ಹತ್ತಿ. ಚಾಪೆಯ ಅಂಚಿನ ಬಟ್ಟೆಪಟ್ಟಿ ತುಳಿಯಬೇಡಿ. ಒಲೆಯ ಸುತ್ತ ಕೂರುವುದಕ್ಕೂ ಒಂದು ಕ್ರಮ ಇತ್ತು. ಮಣ್ಣಿನ ನೆಲದ ಕಡೆಗೆ ಮುಖ ಮಾಡಿ ಕೂರುವ ಒಳಗಿನ ಬದಿ ಯಜಮಾನನದು, ಅದಕ್ಕೆ ಯೊಕೊಝಾ ಅನ್ನುತ್ತಾರೆ. ಅವನ ಒಂದು ಪಕ್ಕದಲ್ಲಿ ಮನೆಯಾಕೆ, ಇನ್ನೊಂದು ಪಕ್ಕದಲ್ಲಿ ಬಂದ ನೆಂಟರು. ಸೌದೆ ಒಡ್ಡುವ ಬದಿ, ಅಂದ್ರೆ ಗಾಳಿ ಹೊಡೆಯುವ, ಬಾಗಿಲ ಹತ್ತಿರದ ಬದಿ, ಆಳುಗಳಿಗೆ ಅಥವಾ ಸೊಸೆಗೆ. ಈಗ ಯಾರು ಎಲ್ಲಿ ಬೇಕಾದರೂ ಕೂರಬಹುದು, ಆದರೆ ನಾಲ್ಕೂ ಬದಿ ಒಮ್ಮೊಮ್ಮೆ ಕೂತು ನೋಡಿ. ಯಜಮಾನನ ಜಾಗದಿಂದ ಬಾಗಿಲು, ದೊಮಾ, ಬಂದವರು, ಹೋದವರು, ಎಲ್ಲ ಕಾಣುತ್ತದೆ. ಸೊಸೆಯ ಜಾಗದಿಂದ ಬೆಂಕಿ ಮತ್ತು ಯಜಮಾನನ ಮುಖ ಮಾತ್ರ.

ಹೊಗೆ ಕಣ್ಣಿಗೆ ಬರುತ್ತದೆ, ಬಟ್ಟೆಗೆ ಹಿಡಿಯುತ್ತದೆ, ಮನೆಗೆ ವಾಪಸ್ ಹೋಗುವಾಗ ರೈಲಿನಲ್ಲಿ ಪಕ್ಕದವರಿಗೂ ಗೊತ್ತಾಗುತ್ತದೆ. ಆದರೆ ಮನೆ ಉಳಿದಿರುವುದೇ ಆ ಹೊಗೆಯಿಂದ. ಈ ಮನೆಗಳಿಗೆ ಹೊಗೆಗೊಳವೆ ಇಲ್ಲ. ಹೊಗೆ ಮೇಲೆ ಹೋಗಿ, ಹುಲ್ಲಿನ ಮಧ್ಯೆ ನುಸುಳಿ ಹೊರಗೆ ಹೋಗುತ್ತದೆ. ಹೋಗುವಾಗ ಹುಲ್ಲನ್ನ ಒಣಗಿಸುತ್ತದೆ, ಹುಳ ಬರದ ಹಾಗೆ ತಡೆಯುತ್ತದೆ. ಮಲೆನಾಡಿನ ಹಳೆ ಅಡುಗೆಮನೆಗಳಲ್ಲಿ ಒಲೆ ಮೇಲಿನ ಅಟ್ಟದ ಮರಕ್ಕೆ ಹೊಳೆಯುವ ಕಪ್ಪು ಮಸಿ ಹಿಡಿದಿರುತ್ತದಲ್ಲ, ಇಲ್ಲಿನ ಕಂಬ ತೊಲೆಗಳದ್ದೂ ಅದೇ ಬಣ್ಣ, ಅದೇ ಹೊಳಪು. ಜನ ಬಿಟ್ಟುಹೋದ ಮನೆಯ ಹುಲ್ಲಿನ ಮಾಡು ಬೇಗ ಕೊಳೆಯುವುದಕ್ಕೆ ಒಂದು ಕಾರಣ, ಒಳಗೆ ಬೆಂಕಿ ಇಲ್ಲದಿರುವುದು. ಹಾಗಾಗಿ ಆ ಸ್ವಯಂಸೇವಕರು ಬೂದಿ ಕೆದಕುತ್ತಾ ಕೂತಿರುವುದು ಬರೀ ಪ್ರವಾಸಿಗರಿಗೆ ತೋರಿಸಲು ಅಂದುಕೊಳ್ಳಬೇಡಿ, ಮನೆ ಕಾಯುವ ಕೆಲಸ ಅದು. ಅವರ ಜೊತೆ ಮಾತಾಡಿ. ಹೆಚ್ಚಿನವರು ಹಿರಿಯರು, ತಾಳ್ಮೆ ಜಾಸ್ತಿ, ಕೈಸನ್ನೆಯಲ್ಲಾದರೂ ವಿವರಿಸುತ್ತಾರೆ. ಒಲೆಯ ಮೇಲೆ ತೂಗುಹಾಕಿರುವ ಮರದ ಚೌಕಟ್ಟು ಯಾಕೆ ಅಂತ ಕೇಳಿ. ಕಿಡಿ ಮೇಲೆ ಹಾರಿ ಹುಲ್ಲಿಗೆ ತಾಗದ ಹಾಗೆ ತಡೆಯುವುದು, ಮೀನು ಒಣಗಿಸುವುದು, ಎರಡೂ ಅದರ ಕೆಲಸ.

ಯಾವ ಮನೆಗಳಲ್ಲಿ ಕೂರಬೇಕು? ನನ್ನ ಆಯ್ಕೆ ಹೇಳುತ್ತೇನೆ.

ಒಂದೇ ಮನೆ ನೋಡಲು ಸಮಯ ಇದ್ದರೆ ಕಿತಾಮುರಾ ಮನೆ. ಕನಗಾವಾದ ಹದಾನೊ ಊರಿನದು, 1687ರಲ್ಲಿ ಕಟ್ಟಿದ್ದು. ವರ್ಷ ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂದ್ರೆ, ಬಿಚ್ಚಿದಾಗ ಮರದ ಮೇಲೆ ಶಾಯಿಯಲ್ಲಿ ಬರೆದದ್ದು ಸಿಕ್ಕಿತು. ರೈತರ ಮನೆಗೆ ಇಂಥ ದಾಖಲೆ ಸಿಗುವುದು ಅಪರೂಪ. ಇದರ ದೊಡ್ಡ ಕೋಣೆಯ ನೆಲ ನೋಡಿ. ಹಲಗೆ ಇಲ್ಲ, ಬಿದಿರಿನ ಗಳಗಳನ್ನ ಒತ್ತೊತ್ತಾಗಿ ಜೋಡಿಸಿ ಮಾಡಿದ ನೆಲ. ಸಾಕ್ಸ್ ಹಾಕಿದ ಕಾಲಿಗೆ ಒಂದೊಂದು ಗಳವೂ ಗೊತ್ತಾಗುತ್ತದೆ, ಹೆಜ್ಜೆ ಇಟ್ಟರೆ ಸ್ವಲ್ಪ ಬಗ್ಗುತ್ತದೆ, ಸಂದಿಯಿಂದ ಕೆಳಗಿನ ತಂಪು ಗಾಳಿ ಬರುತ್ತದೆ. ಅದರ ಮೇಲೆ ಹುಲ್ಲಿನ ಚಾಪೆ ಹಾಸಿ ಒಂದು ಸಂಸಾರ ಮಲಗುತ್ತಿತ್ತು ಅಂತ ಯೋಚಿಸುತ್ತಾ ಐದು ನಿಮಿಷ ಕೂತುಬಿಡಿ. ಪಕ್ಕದ ಅತಿಥಿಗಳ ಕೋಣೆಗೆ ಮಾತ್ರ ತತಾಮಿ, ಅಂದ್ರೆ ದಪ್ಪನೆಯ ಚಾಪೆ. ಮನೆಯಲ್ಲಿ ಒಳ್ಳೆಯದೆಲ್ಲ ಬಂದವರಿಗೆ, ಉಳಿದದ್ದು ಮನೆಯವರಿಗೆ.

ಎರಡನೆಯದು ಗಾಶ್ಶೋ ಮನೆಗಳು, ಕಡಿದಾದ ಮಾಡಿನ ಆ ಎತ್ತರದ ಮನೆಗಳ ಫೋಟೋ ನೀವು ನೋಡಿರುತ್ತೀರಿ. ಇಂಥ ಮನೆಗಳಿಗೆ ಹೆಸರಾದ ಬೆಟ್ಟದ ಹಳ್ಳಿಗಳಾದ ಶಿರಾಕಾವಾ-ಗೊ, ಗೊಕಯಾಮ ಅಷ್ಟು ದೂರ ಹೋಗಲಾಗದವರಿಗೆ ಇಲ್ಲಿ ನಾಲ್ಕು ಮನೆ ಒಂದೇ ಕಡೆ ಸಿಗುತ್ತವೆ. ಮೂರು ಗೊಕಯಾಮ ಇರುವ ತೊಯಾಮಾ ಕಡೆಯವು, ಒಂದು ಶಿರಾಕಾವಾದ್ದು. ಮಾಡು ಅಷ್ಟು ಕಡಿದಾಗಿರುವುದು ಹಿಮ ಜಾರಿ ಬೀಳಲಿ ಅಂತ. ಮಾಡಿನ ದೊಡ್ಡ ಮರಗಳನ್ನ ಮೊಳೆ ಹೊಡೆದು ಕೂಡಿಸಿಲ್ಲ. ಹುಲ್ಲಿನ ಹಗ್ಗ ಮತ್ತು ಹಸಿಯಾಗಿ ತಿರುಚಿದ ಗಿಡದ ರೆಂಬೆಗಳಿಂದ ಬಿಗಿದಿದ್ದಾರೆ. ರೆಂಬೆ ಒಣಗಿದಷ್ಟೂ ಕಟ್ಟು ಬಿಗಿಯಾಗುತ್ತದೆ, ಗಾಳಿ ಹಿಮ ಬಂದಾಗ ಮಾಡು ಸ್ವಲ್ಪ ಅಲುಗಾಡಿ ಮತ್ತೆ ನಿಲ್ಲುತ್ತದೆ. ಒಳಗೆ ನಿಂತು ಆ ಗಂಟುಗಳನ್ನ ಹತ್ತಿರದಿಂದ ನೋಡಿ. ಮೇಲಿನ ಅಟ್ಟಗಳಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಅಟ್ಟದ ನೆಲಕ್ಕೆ ಸಂದಿ ಬಿಟ್ಟಿರುವುದು ಕೆಳಗಿನ ಒಲೆಯ ಬಿಸಿ ಮೇಲೆ ಹೋಗಲಿ ಅಂತ. ಗೊಕಯಾಮದ ಮನೆಗಳಲ್ಲಿ ಇನ್ನೊಂದು ಗುಟ್ಟಿನ ಕೆಲಸವೂ ನಡೆಯುತ್ತಿತ್ತು. ಒಲೆಯ ಪಕ್ಕ ನೆಲದಡಿ ಗುಂಡಿ ತೋಡಿ, ಮಣ್ಣು, ಗಿಡದ ಸೊಪ್ಪು, ರೇಷ್ಮೆ ಹುಳುವಿನ ಹಿಕ್ಕೆ ಪದರ ಪದರವಾಗಿ ಹಾಕಿ ವರ್ಷಗಟ್ಟಲೆ ಕೊಳೆಯಲು ಬಿಟ್ಟು, ಅದರಿಂದ ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪು ತೆಗೆದು ಕಾಗಾ ಸಂಸ್ಥಾನಕ್ಕೆ ಕೊಡುತ್ತಿದ್ದರು. ಅಷ್ಟು ದುರ್ಗಮವಾದ ಕಣಿವೆಯಲ್ಲಿ ಅಷ್ಟು ದೊಡ್ಡ ಮನೆಗಳು ಹೇಗೆ ಎದ್ದವು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ.

ಮೂರನೆಯದು ನಾನು ಕನ್ನಡದವರಿಗೆ ಬೇಕಂತಲೇ ತೋರಿಸುವ ಜಾಗ, ಕೊಕಾಗೆಸಾನ್ ಅನ್ನುವ ಚಿಕ್ಕ ಗುಡಿ. ಮ್ಯಾಪ್‌ನಲ್ಲಿ ಚಿಕ್ಕದಾಗಿ ಇರುತ್ತದೆ, ಜನ ನಿಲ್ಲುವುದೇ ಇಲ್ಲ. ಇದು ರೇಷ್ಮೆ ಹುಳುವಿನ ದೇವರ ಗುಡಿ. ಒಳಗಿನ ಮರದ ಕೆತ್ತನೆಯಲ್ಲಿ ಒಂದು ಕತೆ ಇದೆ, ಆ ಕತೆ ಶುರುವಾಗುವುದು ತೆಂಜಿಕುನಲ್ಲಿ, ಅಂದ್ರೆ ನಮ್ಮ ಭಾರತದಲ್ಲಿ. ಅಲ್ಲಿನ ಒಬ್ಬ ರಾಜನಿಗೆ ಬಂಗಾರದಂಥ ಮಗಳು. ಮಲತಾಯಿಗೆ ಅವಳನ್ನ ಕಂಡರೆ ಆಗದು. ಒಮ್ಮೆ ಸಿಂಹಗಳಿರುವ ಬೆಟ್ಟಕ್ಕೆ ಬಿಡಿಸುತ್ತಾಳೆ, ಒಮ್ಮೆ ಗಿಡುಗಗಳ ಬೆಟ್ಟಕ್ಕೆ, ಒಮ್ಮೆ ದೋಣಿಯಲ್ಲಿ ದ್ವೀಪಕ್ಕೆ, ಕೊನೆಗೆ ಅರಮನೆಯ ಅಂಗಳದಲ್ಲೇ ಹೂಳಿಸುತ್ತಾಳೆ. ನಾಲ್ಕು ಸಲವೂ ಹುಡುಗಿ ಬದುಕಿ ಬರುತ್ತಾಳೆ. ಇನ್ನು ಇಲ್ಲಿ ಇಟ್ಟುಕೊಂಡರೆ ಉಳಿಯುವುದಿಲ್ಲ ಅಂತ ತಂದೆ ಅವಳನ್ನ ಹಿಪ್ಪುನೇರಳೆ ಮರದ ದೋಣಿಯಲ್ಲಿ ಕೂರಿಸಿ ಸಮುದ್ರಕ್ಕೆ ಬಿಡುತ್ತಾನೆ. ದೋಣಿ ಜಪಾನಿನ ತೀರ ಸೇರುತ್ತದೆ, ಅಲ್ಲಿನವರು ಅವಳನ್ನ ಮಗಳ ಹಾಗೆ ನೋಡಿಕೊಳ್ಳುತ್ತಾರೆ, ಸ್ವಲ್ಪ ಕಾಲದಲ್ಲೇ ಅವಳು ತೀರಿಕೊಳ್ಳುತ್ತಾಳೆ, ಅವಳ ದೇಹ ರೇಷ್ಮೆ ಹುಳುವಾಗುತ್ತದೆ. ರಾಮನಗರ, ಶಿಡ್ಲಘಟ್ಟದ ಕಡೆ ಹುಳು ಸಾಕಿದವರಿಗೆ ಗೊತ್ತು, ಗೂಡು ಕಟ್ಟುವ ಮುಂಚೆ ಹುಳುವಿಗೆ ನಾಲ್ಕು ಜ್ವರ ಬರುತ್ತದೆ, ನಾಲ್ಕು ಸಲ ತಿನ್ನುವುದು ಬಿಟ್ಟು ಮಲಗಿ ಪೊರೆ ಕಳಚಿ ಏಳುತ್ತದೆ. ರಾಜಕುಮಾರಿಯ ನಾಲ್ಕು ಕಷ್ಟ ಆ ನಾಲ್ಕು ಜ್ವರವೇ. ಜಪಾನಿನ ರೈತರು ಆ ನಾಲ್ಕು ನಿದ್ದೆಗೆ ಸಿಂಹ, ಗಿಡುಗ, ದೋಣಿ, ಅಂಗಳ ಅಂತಲೇ ಹೆಸರಿಟ್ಟಿದ್ದರು. ಕೆತ್ತನೆಯಲ್ಲಿ ಈ ನಾಲ್ಕನ್ನೂ ಹುಡುಕಿ. 1890ರ ದಶಕದ ಕೊನೆಗೆ ಜಮ್‌ಶೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ಮಾಡಿದಾಗ ಕೆಲಸ ಕಲಿಸಲು ಬಂದವರು ಜಪಾನಿನವರು. ಬಸವನಗುಡಿಯ ಪಕ್ಕ ಟಾಟಾ ಸಿಲ್ಕ್ ಫಾರ್ಮ್ ಅನ್ನುವ ಹೆಸರು ಇನ್ನೂ ಉಳಿದಿದೆ.

ಕುದೊ ಮನೆಯನ್ನೂ ಬಿಡಬೇಡಿ. ಉತ್ತರದ ಇವಾತೆ ಕಡೆಯದು, ನಾಂಬು ಸೀಮೆಯ ಮಗರಿಯಾ, ಅಂದ್ರೆ ಬಾಗಿದ ಮನೆ. ಕುದುರೆ ಸಾಕಣೆಗೆ ಹೆಸರಾದ ಸೀಮೆ ಅದು. ಮನೆ ನೇರವಾಗಿಲ್ಲ, ಒಂದು ಮೂಲೆಯಲ್ಲಿ ಮೊಣಕೈ ಮಡಿಸಿದ ಹಾಗೆ ತಿರುಗುತ್ತದೆ, ತಿರುಗಿದ ಭಾಗ ಪೂರ್ತಿ ಕುದುರೆಗಳದ್ದು. ಒಲೆಯ ಹತ್ತಿರ ಕೂತವರಿಗೆ ಕೊಟ್ಟಿಗೆ ಕಾಣುತ್ತದೆ, ಒಲೆಯ ಬಿಸಿ ಕುದುರೆಗೂ ಮುಟ್ಟುತ್ತದೆ. ಒಂದೇ ಮಾಡಿನ ಕೆಳಗೆ ದನದ ಕೊಟ್ಟಿಗೆ ಇರುವ ಮನೆಯಲ್ಲಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ, ನಗರದ ಮಕ್ಕಳಿಗೆ ಮಾತ್ರ ಬಾಯಿ ಬಿಟ್ಟು ನೋಡುವ ಹಾಗೆ ಆಗುತ್ತದೆ.

ಐದನೆಯದು ಫುನಾಕೊಶಿ ರಂಗಮಂದಿರ, 1857ರದ್ದು. ಮಿಎ ಪ್ರಾಂತ್ಯದ ಶಿಮಾ ಕಡೆಯ ಒಂದು ಮೀನುಗಾರರ ಹಳ್ಳಿಯಲ್ಲಿತ್ತು. ಊರಿನ ಜನ ತಮಗಾಗಿ ಕಟ್ಟಿಕೊಂಡ, ಕಬುಕಿ ಅನ್ನುವ ಜಪಾನಿನ ಸಾಂಪ್ರದಾಯಿಕ ನಾಟಕದ ರಂಗ, ಅದರಲ್ಲಿ ತಿರುಗುವ ವೇದಿಕೆ! ರಂಗದ ಅಡಿಯ ಗುಂಡಿಯಲ್ಲಿ ಜನ ನಿಂತು ಕೈಯಿಂದ ತಳ್ಳಿ ತಿರುಗಿಸುತ್ತಿದ್ದರು. ಮೇಲೆ ಒಂದು ದೃಶ್ಯ ಮುಗಿಯುತ್ತಿದ್ದ ಹಾಗೆ ಹಿಂದಿನಿಂದ ಮುಂದಿನ ದೃಶ್ಯ ತಿರುಗಿ ಬರುತ್ತಿತ್ತು. ಒಂದು ಮೀನುಗಾರರ ಹಳ್ಳಿ ನಾಟಕಕ್ಕೆ ಅಂತ ಇಷ್ಟು ಖರ್ಚು ಮಾಡಿತ್ತು ಅಂದ್ರೆ ಅಲ್ಲಿನ ಜನರ ನಾಟಕದ ಹುಚ್ಚು ಎಂಥದ್ದಿರಬೇಕು. ಇಲ್ಲಿ ಆಗಾಗ ಕಾರ್ಯಕ್ರಮಗಳನ್ನೂ ಇಡುತ್ತಾರೆ, ಅಂಥ ದಿನ ನೋಡಿಕೊಂಡು ಹೋದರೆ ಇನ್ನೂ ಚೆನ್ನ.

ಉಳಿದವನ್ನ ದಾರಿಯಲ್ಲಿ ನೋಡಿ, ಆದರೆ ಒಂದೊಂದರಲ್ಲಿ ಒಂದೊಂದು ಗುರುತು ಹಿಡಿದುಕೊಳ್ಳಿ. ಮಿಸಾವಾ ಮನೆಯ ಮಾಡು ಹುಲ್ಲಿನದಲ್ಲ, ಹಲಗೆಯದು, ಗಾಳಿಗೆ ಹಾರದಿರಲಿ ಅಂತ ಮೇಲೆ ಕಲ್ಲು ಹೇರಿದ್ದಾರೆ. ಚಿಬಾ ಕಡೆಯ ಸಕುದಾ ಮನೆ ಸಾರ್ಡೀನ್ ಹಿಡಿಸುವ ಬಲೆಯ ಯಜಮಾನರದ್ದು, ಒಣಗಿಸಿದ ಆ ಮೀನು ಹತ್ತಿ ಹೊಲಗಳಿಗೆ ಗೊಬ್ಬರವಾಗಿ ಹೋಗುತ್ತಿತ್ತು. ಅದರ ದೊಮಾದಲ್ಲಿ ನಿಂತು ಮೇಲೆ ಅಂಕುಡೊಂಕು ತೊಲೆಗಳನ್ನ ನೋಡಿ. ಓತಾ ಮನೆಗೆ ಎರಡು ಮಾಡು, ನಡುವೆ ನೀರು ಹರಿಯಲು ಮರದ ದೋಣಿ, ಮಳೆ ಬಂದ ದಿನ ಅದರ ಕೆಲಸ ಕಣ್ಣಿಗೆ ಕಾಣುತ್ತದೆ. ಕಿಯೊಮಿಯಾ ಮನೆಯ ಮಾಡಿನ ನೆತ್ತಿಯಲ್ಲಿ ಗಿಡ ಬೆಳೆಸಿದ್ದಾರೆ, ಬೇರು ಹಿಡಿದು ನೆತ್ತಿ ಭದ್ರವಾಗಲಿ ಅಂತ. ಸಸಾಕಿ ಮನೆ ಊರ ಗೌಡನದ್ದು, 1731ರದ್ದು. ಚಿಕುಮಾ ನದಿಯ ನೆರೆ ಬಂದ ಮೇಲೆ 1740ರ ದಶಕದಲ್ಲೇ ಅದನ್ನ ಬಿಚ್ಚಿ ಬೇರೆ ಜಾಗಕ್ಕೆ ಸಾಗಿಸಿದ್ದರು. ಅಂದ್ರೆ ಮನೆ ಬಿಚ್ಚಿ ಜೋಡಿಸುವುದು ಮ್ಯೂಸಿಯಂನವರು ಕಂಡುಹಿಡಿದ ಕೆಲಸ ಏನೂ ಅಲ್ಲ. ಕೂಡಿಕೆ ಮತ್ತು ಬೆಣೆಗಳಿಂದ ನಿಂತ ಮನೆಗೆ ಅದು ಮೊದಲಿಂದಲೂ ಗೊತ್ತಿತ್ತು.

ಊಟದ ವಿಷಯ. ಶಿರಾಕಾವಾದಿಂದ ತಂದ ಯಮಾಶಿತಾ ಮನೆಯ ಕೆಳ ಅಂತಸ್ತಿನಲ್ಲಿ ಸೋಬಾ, ಅಂದ್ರೆ ಬಕ್‌ವೀಟ್ ಹಿಟ್ಟಿನ ನೂಡಲ್ಸ್ ಅಂಗಡಿ ಇದೆ, ಹುಲ್ಲಿನ ಮಾಡಿನ ಕೆಳಗೆ ಕೂತು ತಿನ್ನುವುದು ಖುಷಿಯೇ. ಆದರೆ ಸಸ್ಯಾಹಾರಿಗಳು ಗಮನಿಸಿ, ಸೋಬಾದ ಸಾರು, ಅದ್ದಿಕೊಳ್ಳುವ ರಸ, ಎರಡಕ್ಕೂ ಸಾಮಾನ್ಯವಾಗಿ ಒಣಮೀನಿನ ನೀರು ಹಾಕಿರುತ್ತಾರೆ, ಮೇಲೆ ತರಕಾರಿ ಕಂಡರೂ ಅಷ್ಟೇ. ಮನೆಯಿಂದ ಚಪಾತಿ ಪಲ್ಯವೋ ಚಿತ್ರಾನ್ನವೋ ಕಟ್ಟಿಕೊಂಡು ಹೋಗುವುದು ವಾಸಿ. ಹೊರಗೆ ಪಾರ್ಕಿನಲ್ಲಿ ಕೂತು ತಿನ್ನಲು ಬೇಕಾದಷ್ಟು ಜಾಗ ಇದೆ. ಹಳೆ ಮನೆಗಳ ಒಳಗೆ ತಿನ್ನಬೇಡಿ, ಕಸವನ್ನ ವಾಪಸ್ ತನ್ನಿ.

ಪಶ್ಚಿಮದ ಬಾಗಿಲ ಹತ್ತಿರ ನೀಲಿ ಬಣ್ಣ ಅದ್ದುವುದನ್ನ ಕಲಿಸುವ ಜಾಗ ಇದೆ. ಬೇರೆ ದುಡ್ಡು ಕೊಟ್ಟು ಒಂದು ಕರವಸ್ತ್ರಕ್ಕೆ ದಾರ ಕಟ್ಟಿ ನೀಲಿಯಲ್ಲಿ ಅದ್ದಬಹುದು. ಮಕ್ಕಳಿದ್ದರೆ ಇದನ್ನ ಕೊನೆಗೆ ಇಟ್ಟುಕೊಳ್ಳಿ, ಅದರ ಆಸೆಗೆ ಗುಡ್ಡ ಹತ್ತುತ್ತಾರೆ. ವಯಸ್ಸಾದ ಅಪ್ಪ ಅಮ್ಮನನ್ನ ಕರೆದುಕೊಂಡು ಹೋಗುವುದಾದರೆ ಪೂರ್ತಿ ಸುತ್ತು ಹಾಕಿಸಬೇಡಿ. ಮುಖ್ಯ ಬಾಗಿಲಿನಿಂದ ಗಾಶ್ಶೋ ಮನೆಗಳವರೆಗೆ ನಿಧಾನಕ್ಕೆ ಹೋಗಿ, ಬೆಂಕಿ ಇರುವ ಒಂದು ಮನೆಯಲ್ಲಿ ಅವರನ್ನ ಕೂರಿಸಿ, ಅಲ್ಲೇ ಸಾಕು. ಹಳ್ಳಿಯಲ್ಲಿ ಬೆಳೆದ ಹಿರಿಯರಿಗೆ ಇಲ್ಲಿ ನಮಗಿಂತ ಜಾಸ್ತಿ ಅರ್ಥವಾಗುತ್ತದೆ, ಯಾವ ಪರಿಕರ ಯಾವುದಕ್ಕೆ ಅಂತ ಫಲಕ ಓದದೆ ಹೇಳಿಬಿಡುತ್ತಾರೆ.

ಯಾವ ಕಾಲ ಒಳ್ಳೆಯದು ಅಂದ್ರೆ, ನವೆಂಬರ್ ಕೊನೆಗೆ ಎಲೆ ಕೆಂಪಾದಾಗ ತುಂಬಾ ಚೆಂದ, ಜನವೂ ಜಾಸ್ತಿ. ನನಗಿಷ್ಟ ಜನವರಿ, ಫೆಬ್ರವರಿಯ ವಾರದ ದಿನ. ಹೊರಗೆ ಕೊರೆಯುವ ಚಳಿ ಇದ್ದಾಗಲೇ ಒಲೆಯ ಬೆಲೆ ತಿಳಿಯುವುದು. ಎದೆ ಬೆಚ್ಚಗಿದ್ದು ಬೆನ್ನು ಮರಗಟ್ಟುತ್ತದೆ, ಆ ಕಾಲದ ಜನರಿಗೂ ಹಾಗೇ ಆಗಿರಬೇಕು. ಮಳೆ ಬಂದರೆ ಕಾರ್ಯಕ್ರಮ ರದ್ದು ಮಾಡಬೇಡಿ. ಹುಲ್ಲಿನ ಮಾಡಿನ ಕೆಳಗೆ ಮಳೆಯ ಸದ್ದೇ ಕೇಳುವುದಿಲ್ಲ, ಸೂರಿನಿಂದ ನೀರು ಬೀಳುವುದು ಮಾತ್ರ ಕಾಣುತ್ತದೆ. ಜಾರುವ ಕಲ್ಲಿನ ದಾರಿಯಲ್ಲಿ ಹುಷಾರಾಗಿರಿ ಅಷ್ಟೇ.

ಎರಡು ಗಂಟೆ ಇಟ್ಟುಕೊಂಡು ಬರುವವರಿದ್ದಾರೆ, ಸಾಲುವುದಿಲ್ಲ. ಮೂರೂವರೆ, ನಾಲ್ಕು ಗಂಟೆ ಇರಲಿ. ಅದೇ ದಿನ ಇನ್ನೊಂದು ಮ್ಯೂಸಿಯಂ ಸೇರಿಸಬೇಡಿ. ಅದೇ ಪಾರ್ಕಿನಲ್ಲಿ ಕಲಾವಿದ ಒಕಾಮೊತೊ ತಾರೊ ಅವರ ಮ್ಯೂಸಿಯಂ ಇದೆ, ಒಳ್ಳೆಯದೇ, ಆದರೆ ಅದಕ್ಕೆ ಬೇರೆ ದಿನ ಬನ್ನಿ.

ಇದು ಹಿಡಿಸಿದರೆ ಮುಂದಿನದು ಯಾವುದು? ರೈತಮನೆ ಬಿಟ್ಟು ಪೇಟೆಯ ಬದುಕು ನೋಡಬೇಕು ಅಂದ್ರೆ ಟೋಕಿಯೋದ ಪಶ್ಚಿಮಕ್ಕೆ ಕೊಗಾನೆಯ್ ಪಾರ್ಕಿನಲ್ಲಿ ಎದೊ-ಟೋಕಿಯೋ ಬಯಲು ಮ್ಯೂಸಿಯಂ ಇದೆ, 1993ರಲ್ಲಿ ಶುರುವಾದದ್ದು. 1929ರ ಸಾರ್ವಜನಿಕ ಸ್ನಾನಗೃಹ, ಕೊಡೆ ಅಂಗಡಿ, ಗೋಡೆ ತುಂಬಾ ಪುಟ್ಟ ಡ್ರಾಯರ್‌ಗಳಿರುವ ಸ್ಟೇಷನರಿ ಅಂಗಡಿ, 1936ರಲ್ಲಿ ಸೈನಿಕರ ದಂಗೆಯಲ್ಲಿ ಕೊಲೆಯಾದ ಮಂತ್ರಿ ತಕಾಹಾಶಿ ಕೊರೆಕಿಯೊ ಅವರ ಮನೆ, ಎಲ್ಲ ಅಲ್ಲಿವೆ. ನಾಗೊಯಾ ಕಡೆ ಹೋಗುವವರು ಇನುಯಾಮಾದ ಮೆಯ್‌ಜಿ-ಮುರಾ ಅನ್ನುವ ಇನ್ನೊಂದು ಬಯಲು ಮ್ಯೂಸಿಯಂಗೆ ಒಂದು ಪೂರ್ತಿ ದಿನ ಇಡಿ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಇಂಪೀರಿಯಲ್ ಹೋಟೆಲಿನ ಮುಂಭಾಗವನ್ನ ಟೋಕಿಯೋದಿಂದ ಬಿಚ್ಚಿ ತಂದು ಅಲ್ಲಿ ನಿಲ್ಲಿಸಿದ್ದಾರೆ. ಅಲ್ಲಿ ಮರ ಕಡಿಮೆ, ಇಟ್ಟಿಗೆ ಕಲ್ಲು ಜಾಸ್ತಿ, ಜಾಗವೂ ಬಹಳ ದೊಡ್ಡದು, ಹಾಗಾಗಿ ಒಳಗೆ ಓಡಾಡುವ ಬಸ್ ಹತ್ತಿ ದೂರದ ತುದಿಗೆ ಮೊದಲು ಹೋಗಿ, ಅಲ್ಲಿಂದ ನಡೆದುಕೊಂಡು ಬಾಗಿಲ ಕಡೆಗೆ ಬನ್ನಿ.